ಬಿಸಿಲಿಗೆ ಒಣಹಾಕಿದ ಕರೆಂಟು

ನಮ್ಮ ಮನೆಯ ಟಿ.ವಿ. ರಿಮೋಟು ಸುಸ್ತಾದಾಗಲೆಲ್ಲ ನಾನು ಅದರ ಹೊಟ್ಟೆ ಬಿಚ್ಚಿ, ಎರಡು ಸೆಲ್ಲುಗಳನ್ನು ತೆಗೆದು ಅಡುಗೆಮನೆ ಕಿಟಕಿಯ ಬಿಸಿಲಿಗೆ ಇಡುತ್ತೇನೆ. ನನ್ನ ಸೊಸೆ ಅದನ್ನು ನೋಡಿ, "ಅತ್ತೆ, ಒಣಗಿದ ಮೇಲೆ ಡಬ್ಬಿಗೆ ತುಂಬಿಡ್ಲಾ?" ಎಂದು ಕೇಳುತ್ತಾಳೆ. ಓದಿದ ಹುಡುಗಿ. ಸೆಲ್ಲಿನೊಳಗೆ ಏನೇನಿದೆ, ಅದು ಹೇಗೆ ತೀರಿಹೋಗುತ್ತದೆ ಎಂದು ಒಂದು ಸಲ ಚಿತ್ರ ಬರೆದು ತೋರಿಸಿದ್ದಾಳೆ. ನಾನು ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿ, ಮಾರನೆಯ ದಿನ ಮತ್ತೆ ಕಿಟಕಿಯಲ್ಲಿಟ್ಟಿದ್ದೇನೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಬಿಸಿಲು ಕಾಯಿಸಿದ ಸೆಲ್ಲು ಇನ್ನೊಂದು ಧಾರಾವಾಹಿಗಾದರೂ ಬಂದೇ ಬರುತ್ತದೆ.

ಮೊನ್ನೆ ಮಗ, ಸೊಸೆ ಇಬ್ಬರೂ ಟೆಂಟು ಕಟ್ಟಿಕೊಂಡು ಬೆಟ್ಟ ಹತ್ತಲು ಹೊರಟರು. ಬೆನ್ನಿಗೆ ಹಾಕುವ ಚೀಲದ ಮೇಲೆ ಮಡಿಚುವ ಸೋಲಾರ್ ಹಾಳೆಯೊಂದನ್ನು ಸಿಕ್ಕಿಸಿದ್ದರು. ನಡೆಯುತ್ತ ಹೋದರೆ ಅದೇ ಮೊಬೈಲಿಗೆ ಚಾರ್ಜು ತುಂಬುತ್ತದಂತೆ. "ನಿಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು ಅತ್ತೆ?" ಅಂದಳು ಸೊಸೆ. ನನಗೆ ಸಿಟ್ಟು ಬಂತು. "ನಿಮ್ಮಮ್ಮ ಇನ್ನೂ ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ್ಲೇ ನಾವು ಸೋಲಾರ್ ತಗೊಂಡು ಟೆಂಟಿನಲ್ಲಿ ಇದ್ದು ಬಂದೋರು ಕಣೇ" ಎಂದೆ. ಅವಳು ನಂಬಲಿಲ್ಲ. ನೀವಾದರೂ ಕೇಳಿ.

ನಮ್ಮದು ಅರಸೀಕೆರೆ ಪಕ್ಕದ ಹಾರನಹಳ್ಳಿ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಟಾರ್ಚಿಗೇ ಬ್ಯಾಟ್ರಿ ಎನ್ನುತ್ತಿದ್ದರು. ಅಪ್ಪನದು ಮೂರು ಸೆಲ್ಲಿನ ಬ್ಯಾಟ್ರಿ. ಬಾಣಾವರದ ರೈಲಿನಿಂದಿಳಿದು ಕತ್ತಲಲ್ಲಿ ಬರುವಾಗ ಅದನ್ನು ಬೆಳಕಿಗೆ ಬಳಸಿದ್ದಕ್ಕಿಂತ ನಾಯಿ ಓಡಿಸಲು ಬಳಸಿದ್ದೇ ಹೆಚ್ಚು. ಸೆಲ್ಲು ಮಂಕಾದರೆ ಸೀದಾ ಹೆಂಚಿನ ಮೇಲೆ. ಅದಕ್ಕೂ ಜಗ್ಗದಿದ್ದರೆ ಹಲ್ಲಿನಿಂದ ಒಂದು ಸಲ ಕಚ್ಚುವುದು. ಕಚ್ಚಿದರೆ ಒಳಗೆ ಮೂಲೆಯಲ್ಲಿ ಅವಿತು ಕೂತ ಕರೆಂಟು ಹೊರಗೆ ಬರುತ್ತದೆಂದು ನಮ್ಮ ಓಣಿಯ ಮಕ್ಕಳೆಲ್ಲ ಬಲ್ಲರು. ನನ್ನ ಮುಂದಿನ ಹಲ್ಲು ಸ್ವಲ್ಪ ಮುರಿದದ್ದಕ್ಕೆ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಿಗೆ 'ಚಿಕ್ಕವಳಿದ್ದಾಗ ಬಿದ್ದಿದ್ದಳು' ಎಂದು ಹೇಳಲಾಗಿತ್ತು. ಒಂದು ಮಳೆಗಾಲ, ಬಿಸಿಲಿಲ್ಲವೆಂದು ಅಪ್ಪ ಸೆಲ್ಲುಗಳನ್ನು ಬಚ್ಚಲೊಲೆಯ ಪಕ್ಕ ಸಾಲಾಗಿ ನಿಲ್ಲಿಸಿದರು. ಅವು ಬಾಯಿಬಿಟ್ಟು ಕಪ್ಪು ಕಾಡಿಗೆಯಂಥದ್ದನ್ನು ಕಾರಿಕೊಂಡವು. ಅವತ್ತು ಅಪ್ಪನಿಗೆ ಅಜ್ಜಿ ಮಾಡಿದ ಮಂಗಳಾರತಿ ಓಣಿಗೆಲ್ಲ ಕೇಳಿಸಿತ್ತು.

ಯಾಕೆಂದರೆ ನಮ್ಮ ಮನೆಯಲ್ಲಿ ಬಿಸಿಲಿಗೆ ಅಜ್ಜಿಯೇ ಯಜಮಾನಿ. ಅಂಗಳದ ಯಾವ ಮೂಲೆಗೆ ಯಾವ ಹೊತ್ತಿನಲ್ಲಿ ಬಿಸಿಲು ಬರುತ್ತದೆ, ಎಲ್ಲಿಂದ ಎದ್ದು ಹೋಗುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಹಪ್ಪಳ, ಸಂಡಿಗೆ, ಹುಣಸೆಹಣ್ಣು, ಮೆಣಸಿನಕಾಯಿ, ಹಾಸಿಗೆ, ತಲೆಗೆ ನೀರು ಹಾಕಿಸಿಕೊಂಡ ನಾವು, ಎಲ್ಲರೂ ಅವಳು ತೋರಿಸಿದ ಜಾಗದಲ್ಲೇ ಒಣಗಬೇಕು. ಅವಳದು ಒಂದೇ ಕಟ್ಟುನಿಟ್ಟು. ಬಿಸಿಲಿಗಿಟ್ಟ ಯಾವ ಪದಾರ್ಥವನ್ನೂ ಬೆತ್ತಲೆ ಬಿಡುವ ಹಾಗಿಲ್ಲ. ಮೇಲೊಂದು ಹಳೆಯ ಪಂಚೆ ಹೊದಿಸಬೇಕು, ನಾಲ್ಕು ಮೂಲೆಗೆ ಕಲ್ಲಿಡಬೇಕು, ಪಕ್ಕದಲ್ಲಿ ಕಪ್ಪು ಕೊಡೆ ಬಿಚ್ಚಿಡಬೇಕು. ಇದೆಲ್ಲ ಕಾಗೆಗಳ ಸಲುವಾಗಿ. ಹಾರನಹಳ್ಳಿಯ ಕಾಗೆಗಳಿಗೂ ನಮ್ಮಜ್ಜಿಗೂ ಯಾವ ಜನ್ಮದ ಹಗೆತನವಿತ್ತೋ ಶಿವನೇ ಬಲ್ಲ.

ಇನ್ನು ಚಿಕ್ಕಪ್ಪನ ವಿಷಯ. ಅಪ್ಪನ ಕೊನೆಯ ತಮ್ಮ ರುದ್ರೇಶ. ಬೆಂಗಳೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗಲೆಲ್ಲ ಬ್ಯಾಗಿನಲ್ಲಿ ಏನಾದರೊಂದು ಅವಾಂತರ ಇರುತ್ತಿತ್ತು. ಒಂದು ಸಲ ತಂದ ಕರೆಗಂಟೆ, ಯಾರೂ ಒತ್ತದಿದ್ದರೂ ಬಡಿದುಕೊಂಡು, ಅಪ್ಪ ಬಾಗಿಲು ತೆಗೆದೂ ತೆಗೆದೂ ಸಾಕಾಗಿ ಅದರ ಕತ್ತಿನ ತಂತಿ ಕಿತ್ತಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ ಒಂದು ಕಾರ್ತಿಕ ಮಾಸಕ್ಕೆ ಅವನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದದ್ದೇ ಆ ಸೋಲಾರ್ ಪ್ಲೇಟು. ಮೂಲೆಯಲ್ಲಿ ಸೀಳು ಬಿಟ್ಟದ್ದೆಂದು ಯಾರೋ ಸ್ನೇಹಿತರು ಕೊಟ್ಟಿದ್ದರಂತೆ. ಕೂರುವ ಮಣೆಯಷ್ಟು ಅಗಲ. ಗಾಜಿನ ಕೆಳಗೆ ದುಂಡಗಿನ ಕಪ್ಪು ನೀಲಿ ಬಿಲ್ಲೆಗಳು, ಸಾಲಾಗಿ, ಥೇಟ್ ಹಪ್ಪಳದ ಹಾಗೆ. ಅದರ ಜೊತೆಗೆ ಒಂದು ಹಳೆಯ ಸ್ಕೂಟರ್ ಬ್ಯಾಟರಿ.

"ಬಿಸಿಲು ಇದರ ಮೇಲೆ ಬಿದ್ದರೆ ಸಾಕು, ಕರೆಂಟಾಗಿ ಬ್ಯಾಟರಿಗೆ ಇಳಿಯುತ್ತೆ" ಅಂದ ಚಿಕ್ಕಪ್ಪ.

"ಇಳೀಲಿ ಬಿಡು. ಸದ್ಯ ಇದೂ ಬಡ್ಕೊಳ್ಳಲ್ಲ ತಾನೆ?" ಅಂದರು ಅಪ್ಪ.

ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ಅಡುಗೆ ಮಾಡಿ ಊಟ ಮಾಡುವ ವನಭೋಜನ ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೋಗಿ ಸಂಜೆಗೆ ವಾಪಸ್. ಆ ವರ್ಷ ಚಿಕ್ಕಪ್ಪ ಎರಡು ಟೆಂಟು ಬೇರೆ ತಂದಿದ್ದರಿಂದ ಮೂರು ದಿನ ಹಳೇಬೀಡಿನ ಕೆರೆಯಾಚೆ ಇರುವುದೆಂದಾಯಿತು. ಅಪ್ಪನ ಪರಿಚಯದ ಜೈನರ ತೋಟ. ಅವರು ಹೊತ್ತು ಮುಳುಗುವ ಮುಂಚೆಯೇ ಉಂಡು ಕೈತೊಳೆಯುವವರು. ಚಿಕ್ಕಪ್ಪ ಅವರಿಗೆ ತನ್ನ ಸೂರ್ಯನ ದೀಪದ ಮಹಿಮೆ ಹೇಳಿದಾಗ, "ಸೂರ್ಯ ಇದ್ದಾಗ್ಲೇ ಊಟ ಮಾಡ್ಬುಟ್ರೆ ಆಯ್ತಲ್ಲ ರುದ್ರೇಶಪ್ಪ, ಇಷ್ಟೆಲ್ಲ ತಾಪತ್ರಯ ಯಾಕೆ?" ಎಂದು ನಕ್ಕು ಹೋದರು.

ಈ ಬಿಡಾರಕ್ಕೆ ಬೇಲೂರಿನಿಂದ ನೀಲತ್ತೆಯೂ ಬಂದು ಸೇರಿಕೊಂಡಳು. ನೀಲತ್ತೆ ಅಪ್ಪನ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಅಜ್ಜಿಗೆ ಒಬ್ಬಳೇ ಮಗಳು. ಆದರೆ ಆಗ ಕೆಲವು ತಿಂಗಳುಗಳಿಂದ ಅಜ್ಜಿ ಅವಳ ಜೊತೆ ಮಾತು ಬಿಟ್ಟಿದ್ದಳು.

ಆದದ್ದಿಷ್ಟು. ರೇಡಿಯೋದವರು ಬೇಲೂರಿಗೆ ಬಂದು, ಹಳೆಯ ಪದ ಬಲ್ಲ ಹೆಂಗಸರನ್ನು ಕೂಡಿಸಿ, ಹಾಡಿಸಿ ಟೇಪಿನಲ್ಲಿ ಹಿಡಿದುಕೊಂಡು ಹೋದರು. ನೀಲತ್ತೆ ಹಾಡಿದ್ದು ರಾಗಿ ಬೀಸುವ ಪದ. ಅದು ಅಜ್ಜಿಯ ಪದ. ಬೆಳಗಿನ ಜಾವ ಕಲ್ಲಿನ ಮುಂದೆ ಕೂತು, ಎದುರಿಗೆ ಮಗಳನ್ನು ಕೂರಿಸಿಕೊಂಡು, ಗೂಟ ತಿರುಗಿಸುತ್ತ ಕಲಿಸಿದ್ದು. ಅದರಲ್ಲಿ ಅತ್ತೆಮನೆಯ ಕಷ್ಟವಿದೆ, ತೌರಿನ ಹಂಬಲವಿದೆ, ಬಾರದ ಅಣ್ಣನ ಮೇಲೆ ಮುನಿಸಿದೆ. ವಿಷಯ ತಿಳಿದು ಅಜ್ಜಿ ಕೆಂಡವಾದಳು. "ಬೀಸೋ ಪದ ಕಲ್ಲಿಗೆ ಹೇಳ್ಕೊಳ್ಳೋದು ಕಣೇ. ಊರ ಗಂಡಸ್ರೆಲ್ಲ ಬೀಡಿ ಸೇದ್ತಾ ಕೇಳಾಕಲ್ಲ. ನನ್ ಒಡಲಿನ ಸಂಕ್ಟಾನ ಬೀದಿಗಿಟ್ಟು ಬಂದ್ಯಲ್ಲೇ!" ಎಂದದ್ದೇ ಕೊನೆ. ಆಮೇಲೆ ಮಾತಿಲ್ಲ.

ಮಾತಿಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ನನ್ನ ಮೂಲಕ ಇತ್ತು. ಇಬ್ಬರೂ ಒಂದೇ ಒಲೆಯ ಮುಂದೆ ಮೊಣಕೈಗೆ ಮೊಣಕೈ ತಾಗುವಂತೆ ಕೂತಿರುತ್ತಿದ್ದರು. ಅಜ್ಜಿ, "ಲೇ ಪುಟ್ಟಿ, ನಿಮ್ಮತ್ತೆಗೆ ಹೇಳು, ಸಾರು ಉಕ್ತಾ ಐತೆ" ಅನ್ನುತ್ತಿದ್ದಳು. ನಾನು, "ಅತ್ತೆ, ಸಾರು ಉಕ್ತಾ ಐತಂತೆ" ಅನ್ನುವಷ್ಟರಲ್ಲಿ ಸಾರು ಉಕ್ಕಿ ಒಲೆ ಆರಿಹೋಗಿರುತ್ತಿತ್ತು. ನನಗೆ ಆ ಕೆಲಸದಲ್ಲಿ ಭಾರೀ ಜಂಬ. ಮುಂದೆ ಮದುವೆಯಾದ ಮೇಲೆ ಗಂಡ ಹೆಂಡಿರ ಜಗಳದಲ್ಲಿ ನನಗೆ ಯಾರೂ ಪುಟ್ಟಿ ಸಿಗದೆ ಎಷ್ಟು ಕಷ್ಟಪಟ್ಟಿದ್ದೇನೆ ಎಂಬುದು ಬೇರೆ ಮಾತು.

ಆ ಪದ ರೇಡಿಯೋದಲ್ಲಿ ಬರುವುದು ನಮ್ಮ ಬಿಡಾರದ ಎರಡನೆಯ ದಿನ, ಮಧ್ಯಾಹ್ನದ ಹೆಂಗಸರ ಕಾರ್ಯಕ್ರಮದಲ್ಲಿ. ನೀಲತ್ತೆ ಗಂಡನ ಮನೆಯಲ್ಲಿ ಹಾಯಾಗಿ ರೇಡಿಯೋ ಹಚ್ಚಿ ಕೇಳಬಹುದಿತ್ತು. ಕೇಳದೆ ಬಂದಿದ್ದಳು. ಒಲೆಗೆ ಪುಳ್ಳೆ ಆರಿಸುವಾಗ ನನ್ನ ಹತ್ತಿರ ಹೇಳಿಕೊಂಡಳು. "ನಾನು ಕೇಳಿ ಏನಾಗ್ಬೇಕು ಪುಟ್ಟಿ? ಅವ್ವ ಕೇಳ್ಬೇಕು. ಕೇಳಿದ ಮೇಲೂ ಬೈದ್ರೆ ಬೈಲಿ. ಕೇಳ್ದೆನೇ ಬೈದವ್ಳಲ್ಲ, ಅದೇ ನನಗೆ ತಡೆಯಕ್ಕಾಗಲ್ಲ" ಎಂದು ಕಣ್ಣೊರೆಸಿಕೊಂಡಳು. ಈಗಿನ ಹಾಗೆ ತಪ್ಪಿಹೋದದ್ದನ್ನು ಮತ್ತೆ ಒತ್ತಿ ಕೇಳುವ ಕಾಲವಲ್ಲ ಅದು. ಒಂದು ಸಲ ಗಾಳಿಯಲ್ಲಿ ಬಂದು ಹೋದರೆ ಮುಗಿಯಿತು.

ಚಿಕ್ಕಪ್ಪ ಎದೆ ತಟ್ಟಿ ಭರವಸೆ ಕೊಟ್ಟಿದ್ದ. ರೇಡಿಯೋದ ಸೆಲ್ಲುಗಳನ್ನು ಕಿತ್ತು ಹಾರನಹಳ್ಳಿಯಲ್ಲೇ ಬಿಟ್ಟು ಬಂದಿದ್ದ. "ಸೂರ್ಯನೇ ಇರುವಾಗ ಸೆಲ್ ಯಾತಕ್ಕೆ ಅಕ್ಕ? ಎರಡು ದಿನ ಬಿಸಿಲು ಕುಡಿದರೆ ಬ್ಯಾಟರಿ ತುಂಬಿ ತುಳುಕುತ್ತೆ" ಅಂದ. ಮೊದಲ ದಿನ ಬೆಳಿಗ್ಗೆ ಪ್ಲೇಟನ್ನು ಟೆಂಟು ಹಾಕುವ ಜಾಗದ ಹಿಂದೆ ಬಯಲಿನಲ್ಲಿಟ್ಟು, ತಂತಿ ಸಿಕ್ಕಿಸಿ, ಕಾವಲಿಗೆ ಅಜ್ಜಿಯನ್ನು ನೇಮಿಸಿದ. ಬಿಸಿಲಿನಲ್ಲಿ ಏನನ್ನಾದರೂ ಕಾಯುವುದಕ್ಕೆ ಅವಳನ್ನು ಬಿಟ್ಟರೆ ಇನ್ಯಾರು?

"ಅವ್ವಾ, ಇದನ್ನ ಜೋಪಾನವಾಗಿ ನೋಡ್ಕೋ. ಕಾಗೆಗೀಗೆ ಕೂತು ಗಲೀಜು ಮಾಡಿದ್ರೆ ಕರೆಂಟ್ ಬರಲ್ಲ" ಅಂದ.

"ಕಾಗೆ ಇಚಾರ ನಂಗೆ ಬಿಡ್ಲಾ" ಅಂದಳು ಅಜ್ಜಿ.

ಚಿಕ್ಕಪ್ಪ ನಿಶ್ಚಿಂತೆಯಿಂದ ಅಪ್ಪನ ಜೊತೆ ಟೆಂಟು ನಿಲ್ಲಿಸಲು ಹೋದ. ಆ ಟೆಂಟು ನಿಂತು ಬಿದ್ದು, ನಿಂತು ಬಿದ್ದು, ಕೊನೆಗೆ ಒಳಗೆ ಸಿಕ್ಕಿಕೊಂಡ ಅಪ್ಪ ಬಟ್ಟೆಯೊಳಗಿಂದಲೇ ಬೈದದ್ದನ್ನು ಹೇಳುತ್ತ ಕೂತರೆ ನನ್ನ ಕಥೆ ಮುಂದೆ ಹೋಗುವುದಿಲ್ಲ. ಅಜ್ಜಿಯಂತೂ ಟೆಂಟಿನೊಳಗೆ ಕಾಲಿಡಲಿಲ್ಲ. "ಸರ್ಕಸ್ಸಿನೋರಂಗೆ ಬಟ್ಟೆ ಒಳಗೆ ಮಲಗಾಕೆ ನಂಗೇನ್ ಬಂದೈತೆ?" ಎಂದು ಗಾಡಿಯ ಕಮಾನಿನ ಕೆಳಗೆ ಹಾಸಿಕೊಂಡಳು. ಮೊದಲ ಸಂಜೆ ಚಿಕ್ಕಪ್ಪ ಬ್ಯಾಟರಿಗೆ ಪುಟ್ಟ ಬಲ್ಬು ಸಿಕ್ಕಿಸಿ ಉರಿಸಿದ. ನಾವು ಚಪ್ಪಾಳೆ ತಟ್ಟಿದೆವು. ಬ್ಯಾಟರಿಯಲ್ಲಿ ಬೆಂಗಳೂರಿನಿಂದಲೇ ತುಂಬಿಸಿ ತಂದಿದ್ದ ಕರೆಂಟು ಅದು, ಸೂರ್ಯನದಲ್ಲ ಎಂಬುದು ಆಗ ಅವನಿಗೂ ತಿಳಿದಿರಲಿಲ್ಲ. ಬಲ್ಬು ಉರಿದೂ ಉರಿದೂ ಇದ್ದದ್ದನ್ನೆಲ್ಲ ತಿಂದು ತೇಗಿತು.

ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ, ಎಲೆ ಎತ್ತಿ, ಎಲ್ಲರೂ ನೆಲ್ಲಿಮರದ ಕೆಳಗೆ ಜಮಖಾನ ಹಾಸಿ ಕೂತೆವು. ನೀಲತ್ತೆ ಸೀರೆ ಬದಲಾಯಿಸಿ, ಮುಡಿಗೆ ಸೇವಂತಿಗೆ ಮುಡಿದುಕೊಂಡು ಬಂದಿದ್ದಳು. ಅಜ್ಜಿ ಅಷ್ಟು ದೂರದಲ್ಲಿ ನಮಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತ ಕೂತಳು. ಚಿಕ್ಕಪ್ಪ ರೇಡಿಯೋವನ್ನು ಬ್ಯಾಟರಿಗೆ ಸಿಕ್ಕಿಸಿ, ತಿರುಪು ತಿರುಗಿಸಿದ. ಗೊರಕ್ ಅಂತಲೂ ಅನ್ನಲಿಲ್ಲ. ತಂತಿ ಬದಲಾಯಿಸಿದ, ಊದಿದ, ತಟ್ಟಿದ. ಏನಿಲ್ಲ. ಪ್ಲೇಟನ್ನು ನೋಡಲು ಟೆಂಟಿನ ಹಿಂದೆ ಓಡಿದ. ಅಲ್ಲಿಂದ ಅವನ ಕೂಗು ಕೇಳಿಸಿತು.

"ಅವ್ವಾ! ಏನ್ ಮಾಡಿದ್ದೀಯ ಇದು!"

ನಾವೆಲ್ಲ ಓಡಿ ಹೋಗಿ ನೋಡಿದರೆ, ಪ್ಲೇಟಿನ ಮೇಲೆ ಅಚ್ಚುಕಟ್ಟಾಗಿ ಹೊದಿಸಿದ ಪಂಚೆ. ಅದೂ ಎರಡು ಮಡಿಕೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಪಕ್ಕದಲ್ಲಿ ಬಿಚ್ಚಿಟ್ಟ ಕಪ್ಪು ಕೊಡೆ.

"ಯಾವಾಗ್ಲಿಂದ ಹಿಂಗೆ ಮುಚ್ಚಿದ್ದೀಯ?"

"ನಿನ್ನೆಯಿಂದ ಕಣ್ಲಾ. ಸಂಜೆ ತೆಗ್ದು, ಬೆಳಿಗ್ಗೆ ಮತ್ತೆ ಹೊದ್ಸಿವ್ನಿ. ನೀನೇ ಹೇಳ್ದಲ್ಲ, ಕಾಗೆ ಕೂರ್ಬಾರ್ದು ಅಂತ. ಒಂದ್ ಕಾಗೆ ಹತ್ರ ಸುಳಿದಿದ್ರೆ ಕೇಳು" ಅಂದಳು ಅಜ್ಜಿ ಹೆಮ್ಮೆಯಿಂದ.

"ಅಯ್ಯೋ, ಅದರ ಮೇಲೆ ಬಿಸಿಲು ಬೀಳ್ಬೇಕು ಅವ್ವ!"

"ಬಿಸ್ಲಲ್ಲೇ ಮಡಗಿವ್ನಿ, ಕಣ್ ಕಾಣಾಕಿಲ್ವಾ? ಹೊದ್ಸಿದ್ರೆ ಹಪ್ಪಳ ಒಣಗಾಕಿಲ್ವಾ?"

ಅಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನೀಲತ್ತೆಯ ಮುಖ ಮಾತ್ರ ಬಾಡಿಹೋಯಿತು. ಅಜ್ಜಿ ಬೇಕೆಂದೇ ಮುಚ್ಚಿದಳೋ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿರಬೇಕು. ಊರಿಗೆ ಹೋಗಿ ಸೆಲ್ಲು ತರೋಣವೆಂದರೆ ಕೆರೆ ಬಳಸಿ ಹೋಗಿ ಬರುವಷ್ಟರಲ್ಲಿ ಕಾರ್ಯಕ್ರಮವೇ ಮುಗಿದಿರುತ್ತಿತ್ತು. ನೀಲತ್ತೆ ತಿರುಗಿ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. ಅಜ್ಜಿಯೂ ಹೋಗಿ ಮತ್ತೆ ನಮಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯತೊಡಗಿದಳು.

ಚಿಕ್ಕಪ್ಪ ಬುದ್ಧಿವಂತ ಎಂದು ನಾನು ಅವತ್ತಿನಿಂದ ಒಪ್ಪಿಕೊಂಡಿದ್ದೇನೆ. ಸತ್ತ ಬ್ಯಾಟರಿಯನ್ನು ಅತ್ತ ತಳ್ಳಿ, ಪ್ಲೇಟನ್ನು ನೆಲ್ಲಿಮರದ ಪಕ್ಕದ ಬಿಸಿಲಿಗೆ ತಂದು, ಅದರ ತಂತಿಯನ್ನು ನೇರವಾಗಿ ರೇಡಿಯೋಗೇ ಕೊಟ್ಟ. ಬಿಸಿಲು ಬಿದ್ದದ್ದೇ ತಡ, ಕರ್ರ್ ಎಂದಿತು. ಆಮೇಲೆ ಒಬ್ಬ ಹೆಂಗಸಿನ ದನಿ ಎಳ್ಳುಂಡೆ ಮಾಡುವುದು ಹೇಗೆಂದು ಹೇಳತೊಡಗಿತು. ನಾವೆಲ್ಲ ಹೋ ಎಂದು ಕೂಗಿ ಸುತ್ತ ಮುತ್ತಿಕೊಂಡೆವು. ದನಿ ನಿಂತುಹೋಯಿತು.

"ನೆರಳು! ನೆರಳು ಬೀಳಿಸಬೇಡ್ರೋ! ಹಿಂದಕ್ಕೆ ಹೋಗಿ!" ಎಂದು ಚಿಕ್ಕಪ್ಪ ಕಿರುಚಿದ. ಹಿಂದಕ್ಕೆ ಸರಿದೆವು. ಎಳ್ಳುಂಡೆಗೆ ಬೆಲ್ಲದ ಪಾಕ ಬಂತು. ಒಂದು ಬಿಲ್ಲೆಯ ಮೇಲೆ ನೆರಳು ಬಿದ್ದರೂ ಸಾಕು, ರೇಡಿಯೋದ ಗಂಟಲು ಕಟ್ಟುತ್ತಿತ್ತು. ಒಳ್ಳೊಳ್ಳೆಯ ಬಿಸಿಲೆಲ್ಲ ಎಳ್ಳುಂಡೆಗೇ ಖರ್ಚಾಗುತ್ತಿದೆಯಲ್ಲ ಎಂದು ನನಗೆ ಹೊಟ್ಟೆಯುರಿಯಿತು.

ಕೊನೆಗೂ ಆಕೆ, "ಈಗ ರಾಗಿ ಬೀಸುವ ಪದ" ಅಂದಳು. ನೀಲತ್ತೆ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿ ಬಂದಳು. ಅವಳ ದನಿ! ರೇಡಿಯೋದೊಳಗಿಂದ ನಮ್ಮ ನೀಲತ್ತೆಯ ದನಿ! ತನ್ನ ದನಿಯನ್ನು ಹೊರಗಿನಿಂದ ಎಂದೂ ಕೇಳಿರದ ಅವಳು ತಡೆಯಲಾರದೆ ಹತ್ತಿರ ಬಗ್ಗಿದಳು. ಅವಳ ನೆರಳು ಪ್ಲೇಟಿನ ಮೇಲೆ ಬಿತ್ತು, ಪದ ನಿಂತಿತು. "ಅಕ್ಕಾ, ದೂರ!" ಎಂದ ಚಿಕ್ಕಪ್ಪ. ದೂರ ಹೋದಳು, ಪದ ಬಂತು. ಮತ್ತೆ ಆಸೆ ತಾಳದೆ ಬಗ್ಗಿದಳು, ಮತ್ತೆ ನಿಂತಿತು. ಕೊನೆಗೆ ಪಾಪ, ಸೆರಗನ್ನು ಬಾಯಿಗೊತ್ತಿಕೊಂಡು ಅಷ್ಟು ದೂರ ಹೋಗಿ ನಿಂತಳು. ಅಲ್ಲಿಂದ ಅವಳು ನೋಡುತ್ತಿದ್ದದ್ದು ರೇಡಿಯೋವನ್ನಲ್ಲ, ಅಜ್ಜಿಯ ಬೆನ್ನನ್ನು.

ಅಜ್ಜಿ ತಿರುಗಲಿಲ್ಲ. ಆದರೆ ಅವರೆಕಾಯಿ ಸುಲಿಯುವ ಕೈ ನಿಂತಿತ್ತು.

ಎರಡು ನುಡಿ ಮುಗಿದಿರಬಹುದು. ಹೊತ್ತು ಇಳಿಯುತ್ತಿತ್ತಲ್ಲ, ನೆಲ್ಲಿಮರದ ನೆರಳು ಮೆಲ್ಲಗೆ ಬಂದು ಪ್ಲೇಟಿನ ಅಂಚನ್ನು ಮುಟ್ಟಿತು. ದನಿ ಸಣ್ಣಗಾಗುತ್ತ ಬಂತು. ಚಿಕ್ಕಪ್ಪ ಒಂದು ಕೈಯಲ್ಲಿ ರೇಡಿಯೋ, ಇನ್ನೊಂದರಲ್ಲಿ ಸಡಿಲವಾದ ತಂತಿ ಒತ್ತಿ ಹಿಡಿದಿದ್ದ. ಬಿಟ್ಟರೆ ಕೆಟ್ಟಿತು. "ಅಣ್ಣಾ, ಪ್ಲೇಟ್ ಎತ್ತು!" ಎಂದು ಕೂಗಿದ. ಅಪ್ಪ ಎದ್ದು, ಪಂಚೆ ಕಾಲಿಗೆ ತೊಡರಿ, ಮತ್ತೆ ಕೂತರು.

ಅಷ್ಟರಲ್ಲಿ ಅಜ್ಜಿ ಬಂದಿದ್ದಳು. ಮಡಿಲಿನ ಅವರೆಕಾಯಿಯೆಲ್ಲ ದಾರಿಯಲ್ಲಿ ಚೆಲ್ಲಿತ್ತು. ಸೆರಗನ್ನೇ ಸುತ್ತಿ ತಲೆಯ ಮೇಲೆ ಸಿಂಬೆ ಮಾಡಿಕೊಂಡು, ನೀರಿನ ಬಿಂದಿಗೆ ಎತ್ತುವ ಹಾಗೆ ಪ್ಲೇಟನ್ನು ಎತ್ತಿ ತಲೆಯ ಮೇಲಿಟ್ಟು, ನೆಟ್ಟಗೆ ಬಿಸಿಲಿಗೆ ನಡೆದಳು. ತಂತಿ ಮೋಟು. ಹಾಗಾಗಿ ಚಿಕ್ಕಪ್ಪ ರೇಡಿಯೋ ಹಿಡಿದುಕೊಂಡು ಕರುವಿನ ಹಾಗೆ ಹಿಂದೆಯೇ ಹೋದ. ಬಯಲಿನ ನಡುವೆ ನಿಂತು, ತಲೆಯನ್ನು ಸೂರ್ಯನ ಕಡೆಗೆ ಸ್ವಲ್ಪ ವಾಲಿಸಿದಳು. ಬಿಸಿಲಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪದ ಗಟ್ಟಿಯಾಗಿ ಮೇಲೆದ್ದಿತು.

ನಾನು ಅವಳ ಮುಂದೆ ಓಡಿಹೋಗಿ ನೋಡಿದೆ. ಅಲ್ಲಾಡಿದರೆ ಪ್ಲೇಟು ಬೀಳುತ್ತದೆಂದು ಕತ್ತು ಬಿಗಿಹಿಡಿದು ನಿಂತಿದ್ದಳು. ತುಟಿ ಮಾತ್ರ ಆಡುತ್ತಿತ್ತು. ಮಗಳ ದನಿಯ ಜೊತೆಜೊತೆಗೆ, ಸದ್ದಿಲ್ಲದೆ, ಅವಳೂ ಹಾಡುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಜ್ಜಿ ಅತ್ತದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ನನಗೂ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಪದ ಮುಗಿಯಿತು. "ಹಾಡಿದವರು ಬೇಲೂರಿನ ನೀಲಮ್ಮ" ಅಂದಿತು ರೇಡಿಯೋ. ಚಿಕ್ಕಪ್ಪ ತಂತಿ ಬಿಟ್ಟ. ಕೆರೆಯ ಕಡೆಯಿಂದ ಯಾರದೋ ಬಟ್ಟೆ ಒಗೆಯುವ ಸದ್ದು ಮಾತ್ರ ಬರುತ್ತಿತ್ತು. ನೀಲತ್ತೆ ಮೆಲ್ಲಗೆ ಬಂದು ಅಜ್ಜಿಯ ಹಿಂದೆ ನಿಂತಳು. ತಲೆಯ ಮೇಲೆ ಹೊರೆ ಇದ್ದದ್ದರಿಂದ ಅಜ್ಜಿ ತಿರುಗುವ ಹಾಗಿರಲಿಲ್ಲ.

"ಲೇ ಪುಟ್ಟಿ, ನಿಮ್ಮತ್ತೆಗೆ..." ಎಂದಳು. ನಾನು ಸಿದ್ಧಳಾಗಿ ನಿಂತೆ. ಅಜ್ಜಿ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಆಮೇಲೆ ನನ್ನನ್ನು ನೋಡದೆ, ಎದುರಿನ ಬಯಲನ್ನೇ ನೋಡುತ್ತ ಕೇಳಿದಳು.

"ನೀಲಾ, ಅಣ್ಣ ಬರೋ ದಾರಿ ನೋಡೋ ನುಡಿ ಯಾಕೇ ಬಿಟ್ಬುಟ್ಟೆ?"

"ಟೈಮ್ ಇಲ್ಲ ಅಂದ್ರವ್ವ. ಬೇಗ ಮುಗ್ಸಿ ಅಂದ್ರು" ಎಂದಳು ನೀಲತ್ತೆ.

"ಅವ್ರ್ ಅಂದ್ರೆ ನೀನು ಬಿಡಾದಾ? ಮುಂದಿನ್ ಸಲ ಕರುದ್ರೆ ಪೂರ್ತಿ ಹಾಡು. ಅರ್ಧಂಬರ್ಧ ಹಾಡಿ ನನ್ ಮಾನ ಕಳೀಬ್ಯಾಡ" ಅಂದಳು ಅಜ್ಜಿ. ಮತ್ತೆ ಒಂದು ಉಸಿರು ಬಿಟ್ಟು, "ಬಾ, ಇಳಿಸ್ಕೊಳ್ಳೇ. ಕತ್ತು ನೋಯ್ತಾ ಐತೆ" ಅಂದಳು.

ನೀಲತ್ತೆ ಎರಡೂ ಕೈ ಚಾಚಿ, ಅಮ್ಮನ ತಲೆಯ ಮೇಲಿನ ಹೊರೆಯನ್ನು ಇಳಿಸಿಕೊಂಡಳು.